ಕಲಾಯಿ ಬೋಗಾಣಿಯಲ್ಲಿ ಸಿಕ್ಕ ಸೀಸ

ನಾನು ಆಡಿದ್ದು ಒಂದೇ ಮಾತು. "ಕಲಾಯಿ ಮಾಡಿದವರು ತವರದಾಗ ಸೀಸ ಬೆರಸ್ಯಾರ ಅಂತ ಕಾಣಸ್ತೈತ್ರಿ." ಧಾರವಾಡದ ಒಂದು ಪ್ರಸಾದ ನಿಲಯದ ಅಡುಗೆಮನೆಯಲ್ಲಿ, ಸೋಮವಾರ ಬೆಳಿಗ್ಗೆ, ಐದಾರು ಜನರ ಎದುರಿಗೆ ಆಡಿದೆ. ಆ ಕಲಾಯಿ ಮಾಡಿದವರು ಹಿಂದಿನ ಕಟ್ಟೆಯ ಮೇಲೆ ಖಾಲಿ ತಾಟು ಮುಂದಿಟ್ಟುಕೊಂಡು ಕೂತಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆನೇ? ಸುಳ್ಳು ಯಾಕೆ ಹೇಳಲಿ, ಇರುತ್ತಿರಲಿಲ್ಲ. ಯಂತ್ರ ನಾನು ಕಟ್ಟಿದ್ದು, ನನಗೆ ಅದರ ಮೇಲೆ ಅಷ್ಟು ಜಂಬ.

ಲಕಮನಹಳ್ಳಿಯ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಶೆಡ್ಡಿನಲ್ಲಿ ನಮ್ಮ ಕೆಲಸ. ನೀರಿನಲ್ಲಿ ಸೀಸ ಇದೆಯೋ ಇಲ್ಲವೋ ಹೇಳುವ ಅಂಗೈಯಗಲದ ಸಾಧನ ಮಾಡುತ್ತೇವೆ. ಸಕ್ಕರೆ ಕಾಯಿಲೆಯವರು ರಕ್ತ ನೋಡಿಕೊಳ್ಳುತ್ತಾರಲ್ಲ, ಅಂಥದೇ ಒಂದು ಪಟ್ಟಿ. ತುದಿಯಲ್ಲಿ ಇಂಗಾಲದ ಚುಕ್ಕೆ, ಅದರ ಮೇಲೆ ಬಿಸ್ಮತ್ ಎಂಬ ಲೋಹದ ತೆಳು ಲೇಪ. ನೀರಿಗೆ ನಮ್ಮದೊಂದು ಪುಡಿ ಬೆರೆಸಿ, ಹನಿ ಹಾಕಿ, ಎರಡು ನಿಮಿಷ ವಿದ್ಯುತ್ ಹಾಯಿಸಿದರೆ ಕರಗಿದ ಲೋಹಗಳು ಬಂದು ಆ ಚುಕ್ಕೆಗೆ ಹತ್ತಿಕೊಳ್ಳುತ್ತವೆ. ಆಮೇಲೆ ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತ ಹೋದರೆ ಒಂದೊಂದು ಲೋಹ ತನ್ನದೇ ಜಾಗದಲ್ಲಿ ಕಳಚಿಕೊಳ್ಳುತ್ತದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರುವ ಬಸ್ಸಿನಲ್ಲಿ ಒಬ್ಬರು ನವನಗರದಲ್ಲಿ, ಇನ್ನೊಬ್ಬರು ಸತ್ತೂರಿನಲ್ಲಿ ಇಳಿಯುವಂತೆ. ಇಳಿದ ಕ್ಷಣಕ್ಕೆ ಪರದೆಯ ಮೇಲೆ ಒಂದು ಗುಡ್ಡ ಏಳುತ್ತದೆ. ಎದ್ದ ಜಾಗ ನೋಡಿ ಲೋಹ ಯಾವುದೆಂದೂ, ಎತ್ತರ ನೋಡಿ ಎಷ್ಟಿದೆಯೆಂದೂ ಯಂತ್ರ ಹೇಳುತ್ತದೆ.

ನಿಲಯದಲ್ಲಿ ಇನ್ನೂರು ಹುಡುಗರು ಉಣ್ಣುತ್ತಾರೆ. ಅಲ್ಲಿಯ ವ್ಯವಸ್ಥಾಪಕರು ಕುಡಿಯುವ ನೀರು ನೋಡಿ ಹೋಗಿ ಎಂದು ಕರೆದಿದ್ದರು. ಕೊಳವೆಬಾವಿ, ಟಾಕಿ, ನಲ್ಲಿ ಮೂರೂ ಶುದ್ಧವಿದ್ದವು. ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಆದರೆ ಯಂತ್ರ ಬರೀ ಹಸಿರು ದೀಪ ತೋರಿಸಿದರೆ ನೋಡಿದವರಿಗೆ ಅದರ ದೊಡ್ಡಸ್ತಿಕೆ ತಿಳಿಯುವುದಾದರೂ ಹೇಗೆ? ಯಾರೂ ಕೇಳದಿದ್ದರೂ, "ಅಡಗಿ ಪಾತ್ರಿ ನೀರೂ ಒಂದೀಟ ಕೊಡ್ರಿ, ನೋಡೂಣು" ಎಂದೆ. ನಾಲ್ಕು ದೊಡ್ಡ ತಾಮ್ರದ ಬೋಗಾಣಿಗಳಿಗೆ ಹಿಂದಿನ ದಿನವಷ್ಟೇ ವರ್ಷದ ಕಲಾಯಿ, ಅಂದರೆ ಒಳಗೆ ತವರದ ಲೇಪ, ಆಗಿತ್ತು. ಒಂದರಲ್ಲಿ ಆಗಲೇ ಸಾರು ಬೇಯುತ್ತಿತ್ತು, ಎಲ್ಲವುಗಳ ಒಳ ಅಂಚು ಬೆಳ್ಳಿಯಂತೆ ಹೊಳೆಯುತ್ತಿತ್ತು. ಅಡುಗೆಯ ಅಕ್ಕ ಒಳಗೆ ಹೋಗಿ ಸ್ವಲ್ಪ ತಡಮಾಡಿ ಒಂದು ಲೋಟ ನೀರು ತಂದುಕೊಟ್ಟರು. ತುಸು ಕೆಂಪಗಿತ್ತು. ಧಾರವಾಡದ ನೀರು ಕೆಂಪಗಿರುವುದು ಹೊಸದೇ ಎಂದುಕೊಂಡು, ಶೀಸೆಗೆ ಹಾಕಿ "ಬೋಗಾಣಿ ನೀರು" ಎಂದು ಚೀಟಿ ಹಚ್ಚಿದೆ.

ದೀಪ ಕೆಂಪಾಯಿತು. ಸೀಸ, ಮಿತಿಯ ಆರು ಪಟ್ಟು. ಆಗ ನನ್ನ ಬಾಯಿಂದ ಆ ಮಾತು ಬಂತು.

ವ್ಯವಸ್ಥಾಪಕರ ಮುಖ ಬಿಳಿಚಿಕೊಂಡಿತು. "ಇನ್ನೂರು ಹುಡುಗೂರು ಉಣ್ತಾರ್ರಿ ಮೇಡಂ ಇದರಾಗ" ಎಂದವರೇ ಸೀದಾ ಹಿಂದಿನ ಕಟ್ಟೆಗೆ ಹೋದರು. ಅಲ್ಲಿ ಎಪ್ಪತ್ತರ ಹತ್ತಿರದ ಒಬ್ಬರು ಮುದುಕರು ಕೂತಿದ್ದರು, ಹುಬ್ಬಳ್ಳಿಯ ಕಲಾಯಿ ಚಾಚಾ. ಆ ಅಡುಗೆಮನೆಯಲ್ಲೊಂದು ಪದ್ಧತಿ ಇದೆಯಂತೆ. ಹೊಸ ಕಲಾಯಿಯ ಪಾತ್ರೆಯಲ್ಲಿ ಬೇಯಿಸಿದ ಮೊದಲ ಊಟವನ್ನು ಕಲಾಯಿ ಮಾಡಿದವರೇ ಉಣ್ಣಬೇಕು. ಅವರು ಉಂಡು ಎದ್ದಮೇಲೆ ಹುಡುಗರ ಪಂಗತಿ. ಚಾಚಾನ ತಂದೆಯ ಕಾಲದಿಂದಲೂ ಹೀಗೇ ನಡೆದುಬಂದಿದೆ. ವ್ಯವಸ್ಥಾಪಕರು ಅವರ ಮುಂದಿನ ತಾಟನ್ನು ಎತ್ತಿಕೊಂಡು ಬಂದರು. ಚಾಚಾ ಎದ್ದು, ಹೆಗಲ ಮೇಲಿನ ವಸ್ತ್ರ ಝಾಡಿಸಿ, ಗಾಳಿ ಊದುವ ತಿದಿಯನ್ನು ಚೀಲಕ್ಕೆ ತುಂಬಿಕೊಂಡು ಹೊರಟುಹೋದರು. ಬೆಂದಿದ್ದ ಸಾರು ಮೋರಿಗೆ ಹೋಯಿತು. ಹುಡುಗರಿಗೆ ಅವತ್ತು ಅವಲಕ್ಕಿ. ಬೋಗಾಣಿಗಳನ್ನು ಒಂದು ಕೋಣೆಗೆ ಹಾಕಿ ಬೀಗ ಜಡಿದರು.

ನಮ್ಮ ಮಾಲಕರಿಗೆ ಹಿಡಿಸಲಾರದ ಖುಷಿ. "ನೋಡ್ರಿ ಮೇಡಂ, ನಮ್ಮ ಮಿಷನ್ ಮೊದಲನೇ ಶಿಕಾರಿ ಹೊಡೀತು!" ಎಂದು ಪೇಡೆ ತರಿಸಿದರು. ನಾನೂ ಎರಡು ತಿಂದೆ.

ಮಂಗಳವಾರ ಬೆಳಿಗ್ಗೆ ವ್ಯವಸ್ಥಾಪಕರ ಫೋನು ಬಂತು. ಗುರುವಾರ ನಿಲಯದ ಕಮಿಟಿ ಸೇರುತ್ತದೆ, ಅಷ್ಟರೊಳಗೆ ನನ್ನ ಸಹಿಯ ವರದಿ ಬೇಕು, ಚಾಚಾನ ಮೇಲೆ ಕೇಸು ಹಾಕುವುದೋ ಬಿಡುವುದೋ ಅವತ್ತೇ ತೀರ್ಮಾನ. ಬಾಯಿಂದ ಆಡುವುದೇ ಬೇರೆ, ಸಹಿ ಹಾಕುವುದೇ ಬೇರೆ. ಹೊಸ ಪಟ್ಟಿ ತೆಗೆದು ಮತ್ತೆ ಮೊದಲಿನಿಂದ ಶುರುಮಾಡಿದೆ. ಶುದ್ಧ ನೀರು ಹಾಕಿದರೆ ಗೆರೆ ಸಪಾಟ. ಶೀಸೆಯ ನೀರು ಹಾಕಿದರೆ ಗುಡ್ಡ. ಅದಕ್ಕೆ ನಾನೇ ಅಳೆದು ಒಂದು ಹನಿ ಸೀಸ ಸೇರಿಸಿದೆ, ಅದೇ ಜಾಗದಲ್ಲಿ ಗುಡ್ಡ ಇನ್ನಷ್ಟು ಎತ್ತರವಾಯಿತು. ಎಲ್ಲ ಸರಿಯಾಗಿಯೇ ಇತ್ತು. ಆದರೆ ಗುಡ್ಡದ ಎಡ ಮಗ್ಗಲು ಕೊಂಚ ಊದಿಕೊಂಡಂತೆ ಕಾಣುತ್ತಿತ್ತು. ಸೋಮವಾರವೂ ಹಾಗೇ ಇದ್ದಿರಬೇಕು, ನಾನು ಕೆಂಪು ದೀಪ ನೋಡಿ ಗುಡ್ಡವನ್ನು ನೋಡಿರಲಿಲ್ಲ.

ಸೀಸದ ಪಕ್ಕದಲ್ಲೇ ಇಳಿಯುವ ಲೋಹ ತವರ. ಎರಡರ ಸ್ಟಾಪೂ ಹೆಚ್ಚುಕಡಿಮೆ ಒಂದೇ. ಕಲಾಯಿ ಎಂದರೆ ತವರವೇ. ನಾನು ಕಂಡದ್ದು ತವರವೇ ಇರಬಹುದೇ? ಆದರೆ ಈ ಯೋಚನೆ ಯಂತ್ರ ಕಟ್ಟುವಾಗಲೇ ನಮಗೆ ಬಂದಿತ್ತು. ನಾವು ಬೆರೆಸುವ ಪುಡಿ ಇರುವುದೇ ಅದಕ್ಕೆ, ನೀರಿನಲ್ಲಿರುವ ತವರವನ್ನು ಅದು ಗಸಿ ಮಾಡಿ ತಳಕ್ಕೆ ಇಳಿಸಿಬಿಡುತ್ತದೆ. ಕರಗಿರದ ಲೋಹ ಚುಕ್ಕೆಗೆ ಹತ್ತುವುದಿಲ್ಲ. ನೀರಿಗೆ ತವರದ ಲವಣ ಹಾಕಿ, ಪುಡಿ ಬೆರೆಸಿ ನೋಡಿದೆ. ಗೆರೆ ಸಪಾಟ. ಮತ್ತೊಮ್ಮೆ ನೋಡಿದೆ, ಸಪಾಟ. ವರದಿ ಬರೆಯಲು ಕೂತೆ.

ಊಟದ ಹೊತ್ತಿಗೆ ಚಾಚಾ ಬಂದರು. ನಮ್ಮ ಶೆಡ್ಡನ್ನು ಕೇಳಿಕೊಂಡು ಕೇಳಿಕೊಂಡು ಬಿಸಿಲಲ್ಲಿ ನಡೆದು ಬಂದಿದ್ದರು. ವಸ್ತ್ರದ ಗಂಟು ಬಿಚ್ಚಿ ಒಂದು ತವರದ ಕಡ್ಡಿಯನ್ನು ಮೇಜಿನ ಮೇಲೆ ಇಟ್ಟರು.

"ಬಾಯಾರ, ಇದನ್ನೂ ನಿಮ್ಮ ಮಿಷನ್ನಿಗೆ ತೋರಸ್ರಿ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಚಾಚಾ, ಈಗ ಕಡ್ಡಿ ತಂದ್ರ ಹೆಂಗ್ರಿ? ಬೋಗಾಣಿಗೆ ಹಚ್ಚಿದ್ದು ಇದ ಕಡ್ಡಿ ಅಂತ ನಾ ಹೆಂಗ ನಂಬೂದು?"

"ನಂಬಬ್ಯಾಡ್ರಿ. ಕೇಳ್ರಿ." ಕಡ್ಡಿಯನ್ನು ನನ್ನ ಕಿವಿಯ ಹತ್ತಿರ ಹಿಡಿದು ಎರಡೂ ಕೈಯಿಂದ ಮೆಲ್ಲಗೆ ಬಗ್ಗಿಸಿದರು. ಕಿರಕಿರ ಎಂದು ಸಣ್ಣಗೆ ಒಂದು ಸದ್ದು ಬಂತು. "ಕೂಗಿತಲ್ರಿ? ಖರೇ ತವರ ಬಗ್ಗಿಸಿದ್ರ ಕೂಗತೈತಿ. ಸೀಸ ಕೂಡಿದ್ರ ಮೂಕ ಆಗತೈತಿ. ನಮ್ಮ ಅಬ್ಬಾ ಕಿವಿ ಹಿಂಡಿ ಕಲಿಸ್ಯಾರ. ಕೂಗಲಾರದ ತವರ ನಾ ಅಂಗಡ್ಯಾಗ ಕೈಯಾಗೂ ಹಿಡ್ಯಂಗಿಲ್ಲ."

"ಕಿವಿಲೇ ಕೇಳಿದ್ದು ವರದಿಯಾಗ ಬರಿಯಾಕ ಬರಂಗಿಲ್ರಿ ಚಾಚಾ."

"ಬಾಯಿಲೇ ಆಡಿದ್ದು ಮಾತ್ರ ಊರೆಲ್ಲಾ ಹೋಗೇತ್ರಿ" ಎಂದರು. ದನಿ ಏರಿಸಲಿಲ್ಲ. "ಹುಬ್ಬಳ್ಳ್ಯಾಗ ಒಂದು ಕಲ್ಯಾಣ ಮಂಟಪದವರು ಬರಬ್ಯಾಡ ಅಂದ್ರು. ಇನ್ನೆರಡು ಕಡೆ ಕೊಟ್ಟ ಪಾತ್ರಿ ವಾಪಸ್ ಒಯ್ದ್ರು. ನನ್ನ ಮಗಳು ಅಂತಾಳ, ಅಬ್ಬಾ, ಸ್ವಲ್ಪ ದಿನ ಓಣ್ಯಾಗ ಅಡ್ಡಾಡಬ್ಯಾಡ್ರಿ ಅಂತ. ಹುಡುಗೂರಿಗೆ ವಿಷ ಹಾಕಿದವ ಅಂತ ಅನಿಸಿಕೊಂಡು ನಾ ಸಾಯಬೇಕೇನ್ರಿ?"

ಕಡ್ಡಿಯ ತುದಿಯಿಂದ ಒಂದು ಚೂರು ಕತ್ತರಿಸಿಕೊಂಡೆ. ಅವರು ಚಹಾ ಬೇಡವೆಂದು, ಉಳಿದ ಕಡ್ಡಿಯನ್ನು ನನ್ನ ಮೇಜಿನ ಮೇಲೆ ಬಿಟ್ಟು ಹೋದರು.

ಆ ಚೂರನ್ನು ಆಮ್ಲದಲ್ಲಿ ಕರಗಿಸಿ ಪಟ್ಟಿಗೆ ಹಾಕಿದೆ. ಸೀಸದ ಜಾಗದಲ್ಲಿ ಪರದೆ ಹರಿದುಹೋಗುವಷ್ಟು ದೊಡ್ಡ ಗುಡ್ಡ! ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಕ್ಷಣಕ್ಕೆ ನನಗೆ ಸಮಾಧಾನವಾಯಿತು. ನಾನು ಆಡಿದ್ದು ತಪ್ಪಲ್ಲ ಎನ್ನುವುದು ಒಬ್ಬ ಮುದುಕರ ಮರ್ಯಾದೆಗಿಂತ ನನಗೆ ದೊಡ್ಡದಾಗಿತ್ತು. ಆದರೆ ಯಾವುದನ್ನು ನೋಡಿದರೂ ಅದರ ಜೋಡಿ ಶುದ್ಧವಾದದ್ದನ್ನೂ ನೋಡಬೇಕೆಂಬುದು ಕೈಗೆ ಹತ್ತಿದ ಚಟ. ನಮ್ಮ ಕಪಾಟಿನಲ್ಲಿದ್ದ, ಪರೀಕ್ಷೆಗೆಂದೇ ತರಿಸಿದ ಅಪ್ಪಟ ತವರದ ಚೂರನ್ನೂ ಅದೇ ಆಮ್ಲದಲ್ಲಿ ಕರಗಿಸಿದೆ. ಅದೇ ಗುಡ್ಡ. ಅದೇ ಜಾಗ. ಆ ಚೂರಿನಲ್ಲಿ ಸೀಸದ ಸುಳಿವೇ ಇಲ್ಲ ಎಂದು ಅದರ ಡಬ್ಬಿಯ ಮೇಲೆ ಅಚ್ಚಾಗಿತ್ತು.

ಅಂದರೆ ತವರ ಕರಗಿ ಉಳಿದರೆ ನಮ್ಮ ಯಂತ್ರ ಅದನ್ನು ಸೀಸ ಎನ್ನುತ್ತದೆ. ಆಮ್ಲದಲ್ಲಿ ಅದು ಕರಗಿ ಉಳಿಯಿತು. ಬರೀ ನೀರಿನಲ್ಲಿ ನಮ್ಮ ಪುಡಿ ಅದನ್ನು ತಳಕ್ಕೆ ಇಳಿಸಿತು. ಹಾಗಾದರೆ ಆ ಲೋಟದ ನೀರಿನಲ್ಲಿ ಪುಡಿಗೂ ಜಗ್ಗದಂತೆ ತವರವನ್ನು ಹಿಡಿದಿಟ್ಟದ್ದು ಏನು? ಬರೆದಿದ್ದ ವರದಿಯನ್ನು ಹರಿದುಹಾಕಿದೆ.

ಬುಧವಾರ ಎಂಟಕ್ಕೆಲ್ಲ ನಿಲಯದ ಅಡುಗೆಮನೆಯಲ್ಲಿದ್ದೆ. ಅಡುಗೆಯ ಅಕ್ಕ ರೊಟ್ಟಿ ಬಡಿಯುತ್ತಿದ್ದರು, ನನ್ನನ್ನು ಕಂಡು ಕೈ ನಿಂತಿತು.

"ಅಕ್ಕಾ, ಸೋಮವಾರ ನೀವು ನನಗ ಕೊಟ್ಟ ನೀರು ಎಲ್ಲೀದ್ರಿ?"

"ಕಡೀ ಬೋಗಾಣೀದ್ರಿ. ನೀವ ಕೇಳಿದ್ರಲ್ಲಾ, ಪಾತ್ರಿ ನೀರು ಅಂತ. ಅದರಾಗ ಹುಣಸಿ ನೀರಿತ್ತು, ಕುದಿಸಿ ಚೆಲ್ಲಾಕ ಇಟ್ಟಿದ್ದೆ. ಅದ ನೀರು."

"ಹುಣಸಿ ನೀರ?"

"ಮತ್ತ? ಹೊಸಾ ಕಲಾಯಿಗೆ ಹುಣಸಿ ನೀರು ಕುದಿಸಿ ಚೆಲ್ಲಲಾರದ ಯಾರರ ಅಡಗಿ ಮಾಡ್ತಾರೇನ್ರಿ? ನಿಮ್ಮವ್ವ ಮಾಡ್ತಿದ್ದಿಲ್ಲೇನು?"

"ಹುಣಸಿ ಕಾಣಲಿಲ್ಲಲ್ರಿ ಅಕ್ಕಾ ಅದರಾಗ!"

"ಹೆಂಗ ಕಾಣಬೇಕ್ರಿ, ಅರಿವಿಲೇ ಮೂರು ಸಲ ಸೋಸಿ, ಮ್ಯಾಲ ಒಂದೀಟ ತಿಳಿನೀರು ಹಾಕಿ ತಂದೆ. ಓದಿದ ಮಂದಿ ಕೇಳ್ಯಾರ, ಗಸಿ ನೀರು ಹೆಂಗ ಕೈಯಾಗ ಕೊಡೂದು ಅಂತ." ಅಷ್ಟು ಹೇಳಿ ಅವರ ದನಿ ಇಳಿಯಿತು. "ತಪ್ಪಾತೇನ್ರಿ ಮೇಡಂ?"

ತಪ್ಪು ಅವರದಲ್ಲ. ನನ್ನ ಅವ್ವನೂ ಹಾಗೇ ಮಾಡುತ್ತಿದ್ದಳು. ಕಲಾಯಿಯವರು ಹೋದ ಮರುದಿನ ನಮ್ಮ ಹಿತ್ತಲಲ್ಲಿ ಹುಣಸೆಯ ಹುಳಿ ವಾಸನೆ, ಚೆಲ್ಲಿದ ನೀರನ್ನು ತುಳಿಯಬೇಡ ಎಂದು ನನಗೆ ಬೈಗುಳ. ಎಲ್ಲ ಗೊತ್ತಿದ್ದವಳು ಕೈಯಲ್ಲಿ ಯಂತ್ರ ಬಂದ ಮೇಲೆ ಕೇಳುವುದನ್ನೇ ಮರೆತೆ. ನನ್ನ ಕೆನ್ನೆಗೆ ನಾನೇ ಎರಡು ಹೊಡೆದುಕೊಳ್ಳಬೇಕೆನಿಸಿತು. ಅಕ್ಕನ ಡಬ್ಬಿಯಿಂದ ಒಂದು ಮುಷ್ಟಿ ಹುಣಸೆಹಣ್ಣು ಕಟ್ಟಿಸಿಕೊಂಡು ಓಡಿದೆ.

ಅಪ್ಪಟ ತವರ, ನೀರು, ಹುಣಸೆ ರಸ, ಮೇಲೆ ನಮ್ಮ ಪುಡಿ. ಗುಡ್ಡ ಎದ್ದಿತು, ಎಡ ಮಗ್ಗಲು ಊದಿಕೊಂಡು, ಸೋಮವಾರದ ಗುಡ್ಡದ ತದ್ರೂಪ. ಹುಣಸೆಯ ಹುಳಿ ತವರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಅದರ ಮುಂದೆ ನಮ್ಮ ಪುಡಿಯ ಆಟ ನಡೆಯುವುದಿಲ್ಲ.

ಅರ್ಧ ಕೆಲಸವಷ್ಟೇ ಆದಂತಾಯಿತು. ಗುಡ್ಡ ತವರದ್ದಿರಬಹುದು ಎಂದು ತೋರಿಸಿದ್ದೆನೇ ಹೊರತು ಅದರ ಅಡಿಯಲ್ಲಿ ಸೀಸ ಅಡಗಿಲ್ಲ ಎಂದು ತೋರಿಸಿರಲಿಲ್ಲ. ಸುಮ್ಮನೆ ಚಾಚಾನ ಮೇಲಿನ ಮರುಕಕ್ಕೆ "ಸೀಸ ಇಲ್ಲ" ಎಂದು ಬರೆದುಕೊಟ್ಟು, ನಾಳೆ ನಿಜಕ್ಕೂ ಇದ್ದರೆ? ಉಣ್ಣುವವರು ಇನ್ನೂರು ಮಕ್ಕಳು. ತವರವನ್ನು ಬಸ್ಸಿಗೇ ಹತ್ತದಂತೆ ತಡೆಯುವ ಒಂದು ದಾರಿ ಇತ್ತು. ನೀರಿಗೆ ಪೆರಾಕ್ಸೈಡ್ ಹಾಕಿ ತವರದ ಗುಣ ಬದಲಿಸಿ, ಆಮೇಲೆ ದ್ರಾವಣವನ್ನು ಕ್ಷಾರ ಮಾಡಿದರೆ ತವರ ಚುಕ್ಕೆಗೆ ಅಂಟುವುದಿಲ್ಲ, ಸೀಸ ಅಂಟುತ್ತದೆ. ಪುಸ್ತಕದಲ್ಲಿ ಓದಿದ್ದೆ, ಕೈಯಾರೆ ಮಾಡಿರಲಿಲ್ಲ.

ಮೊದಲ ಪಟ್ಟಿಯ ಬಿಸ್ಮತ್ ಲೇಪ ಕ್ಷಾರಕ್ಕೆ ಸಿಪ್ಪೆಯಂತೆ ಎದ್ದು ಬಂತು. ಎರಡನೆಯದೂ ಅಷ್ಟೇ. ಮೂರನೆಯದರಲ್ಲಿ ಗೆರೆ ಹುಚ್ಚುಹುಚ್ಚಾಗಿ ಕುಣಿಯಿತು, ಪೆರಾಕ್ಸೈಡ್ ಉಳಿದುಬಿಟ್ಟಿತ್ತು. ಕುದಿಸಿ ಅದನ್ನು ಓಡಿಸಬೇಕೆಂದು ಹೊಳೆಯುವಷ್ಟರಲ್ಲಿ ಮಧ್ಯಾಹ್ನ ಎರಡು. ಲೇಪ ದಪ್ಪ ಮಾಡಿದೆ, ಕ್ಷಾರ ಕಡಿಮೆ ಮಾಡಿದೆ. ಶೀಸೆಯಲ್ಲಿ ಉಳಿದಿದ್ದ ಸೋಮವಾರದ ನೀರು ನಾಲ್ಕು ಪರೀಕ್ಷೆಗೆ ಸಾಲುವಷ್ಟು ಮಾತ್ರ, ಹಾಗಾಗಿ ಮೊದಲು ಅಪ್ಪಟ ತವರದ ಮೇಲೆ ಪಳಗಿಸಿಕೊಂಡೆ. ಕೊನೆಗೊಮ್ಮೆ ತವರಕ್ಕೆ ಗೆರೆ ಸಪಾಟಾಯಿತು. ಅದಕ್ಕೇ ಬೇಕೆಂದು ಸೀಸ ಸೇರಿಸಿದೆ. ಸ್ಪಷ್ಟವಾಗಿ ಒಂಟಿ ಗುಡ್ಡ ಎದ್ದಿತು. ದಾರಿ ಸರಿ ಇತ್ತು.

ಆಮೇಲೆ ಸೋಮವಾರದ ನೀರು ಹಾಕಿದೆ. ಎರಡು ನಿಮಿಷ ಎನ್ನುವುದು ಅಷ್ಟು ಉದ್ದ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಗೆರೆ ಸೀಸದ ಜಾಗಕ್ಕೆ ಬಂತು, ದಾಟಿತು, ಮುಂದೆ ಹೋಯಿತು. ಸಪಾಟ. ಮತ್ತೆರಡು ಪಟ್ಟಿಗಳಲ್ಲೂ ಸಪಾಟ. ನಾಲ್ಕನೆಯ ಪಾಲಿಗೆ ಒಂದು ಹನಿ ಸೀಸ ಹಾಕಿದೆ, ಗುಡ್ಡ ಎದ್ದಿತು, ಇದ್ದಿದ್ದರೆ ಕಾಣುತ್ತಿತ್ತು. ಚಾಚಾನ ಕಡ್ಡಿಯ ಚೂರೂ ಸಪಾಟ. ಮೇಜಿನ ಮೇಲಿದ್ದ ಆ ಕಡ್ಡಿಯನ್ನು ಎತ್ತಿ ಕಿವಿಯ ಹತ್ತಿರ ಬಗ್ಗಿಸಿದೆ. ಕೂಗಿತು. ನನಗೆ ಅಳು ಬಂತು.

ಮಾಲಕರಿಗೆ ಎಲ್ಲ ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು.

"ಒಂದು ಕೆಲಸ ಮಾಡೂಣ್ರಿ ಮೇಡಂ. ನೀರು ತಗೊಳ್ಳೂ ಮುಂದ ತಪ್ಪಾಗಿತ್ತು, ಈಗ ಮತ್ತ ನೋಡಿದ್ವಿ, ಎಲ್ಲಾ ಛಲೋ ಐತಿ ಅಂತ ಬರೀರಿ. ಚಾಚಾನೂ ಉಳದ್ರು, ನಾವೂ ಉಳದ್ವಿ. ತವರಕ್ಕ ಸೀಸ ಅಂತೈತಿ ಅನ್ನೂದು ಯಾಕ ಬೇಕು? ಮುಂದಿನ ತಿಂಗಳು ಅಷ್ಟು ಸಾಲಿಗಳಿಗೆ ಮಿಷನ್ ಕೊಡೂದೈತಿ."

ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ಕಷ್ಟ. ಹಾಗೆ ಬರೆದರೆ ಚಾಚಾ ಪಾರಾಗುತ್ತಿದ್ದರು. ಆದರೆ ಮುಂದಿನ ತಿಂಗಳು ಯಾವುದೋ ಶಾಲೆಯ ಅಡುಗೆಮನೆಯಲ್ಲಿ ಮತ್ತೆ ದೀಪ ಕೆಂಪಾಗುತ್ತದೆ, ಇನ್ನೊಬ್ಬರ ಮುಂದಿನ ತಾಟು ಎತ್ತುತ್ತಾರೆ.

"ಸಾಹೇಬ್ರ, ನಮ್ಮ ನಾಡಿನಾಗ ಹುಣಸಿ ಇಲ್ಲದ ಅಡಗಿಮನಿ ಒಂದು ತೋರಸ್ರಿ, ನೀವು ಹೇಳಿದಂಗ ಬರೀತೇನಿ" ಎಂದೆ. ದನಿ ನನಗೇ ಜೋರೆನಿಸಿತು. "ಇಲ್ಲಂದ್ರ ನಾ ಕಂಡದ್ದು ಬರೀತೇನಿ. ಬ್ಯಾಡಂದ್ರ ನಾಳೆಯಿಂದ ಬರಂಗಿಲ್ಲ."

ಅವರು ಎದ್ದು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಬಾಗಿಲಿಗೆ ಬಂದು ನಿಂತು, ನನ್ನ ಮುಖ ನೋಡದೆ, "ಆ ಕ್ಷಾರದ ಪರೀಕ್ಷೆ ನಮ್ಮ ಮಿಷನ್ನಿನಾಗ ಹೆಂಗ ಕೂಡಸೂದು ಅನ್ನೂದನ್ನೂ ಬರದಿಡ್ರಿ. ಅಲ್ಲೀತನಕ ಮಿಷನ್ ಎಲ್ಲೂ ಕಳಸೂದು ಬ್ಯಾಡ" ಎಂದರು. ಪೇಡೆಯ ಡಬ್ಬಿ ಇನ್ನೂ ಮೇಜಿನ ಮೇಲಿತ್ತು, ಯಾರೂ ಮುಟ್ಟಲಿಲ್ಲ.

ಗುರುವಾರ ಕಮಿಟಿಯ ಐದು ಜನ ಹಿರಿಯರು ಹಣೆಗೆ ವಿಭೂತಿ ಧರಿಸಿ ಜಮಖಾನೆಯ ಮೇಲೆ ಕೂತಿದ್ದರು. ಚಾಚಾನನ್ನೂ ಕರೆಸಿದ್ದರು, ಅವರು ಬಾಗಿಲ ಬಳಿಯೇ ಕೂತರು. ನಾನು ಕಾಗದ ಓದಿದೆ, ಹುಣಸೆಯದನ್ನೂ ತವರದ್ದನ್ನೂ ಬಿಡಿಸಿ ಹೇಳಿದೆ. ಅಕ್ಕನ ಹೆಸರು ಎಲ್ಲೂ ಎತ್ತಲಿಲ್ಲ, ನೀರು ಎಲ್ಲಿಯದೆಂದು ಕೇಳಬೇಕಾದವಳು ನಾನು.

ಹಿರಿಯರೊಬ್ಬರು ಕನ್ನಡಕ ತೆಗೆದರು. "ಅಂದ್ರ ನಿಮ್ಮ ಮಿಷನ್ ಸುಳ್ಳ ಹೇಳ್ತು ಅನ್ರಿ."

"ಮಿಷನ್ ಒಂದು ಗುಡ್ಡ ತೋರಿಸ್ತ್ರಿ ಅಪ್ಪಾರ. ಚಾಚಾ ಸೀಸ ಬೆರಸ್ಯಾರ ಅಂತ ಅದು ಹೇಳಲಿಲ್ಲ. ನಾ ಹೇಳಿದೆ. ಅದು ತಪ್ಪು." ಬಾಗಿಲ ಕಡೆ ತಿರುಗಿದೆ. "ಚಾಚಾ, ನನ್ನದು ತಪ್ಪಾತ್ರಿ."

ಅವರು ತಲೆ ಎತ್ತಲಿಲ್ಲ.

ವ್ಯವಸ್ಥಾಪಕರು ಬೀಗ ತೆಗೆದು ಬೋಗಾಣಿಗಳನ್ನು ಹೊರಗೆ ತರಿಸಿದರು. ಇವತ್ತಿನ ಸಾರು ಇದರಲ್ಲೇ ಎಂದರು. ಬೇಳೆ ಬೆಂದು, ಹುಳಿ ಬಿದ್ದು, ಒಗ್ಗರಣೆಯಾಗುವವರೆಗೆ ಎಲ್ಲರೂ ಅಲ್ಲೇ ಸುಳಿದಾಡುತ್ತಿದ್ದರು, ಚಾಚಾ ಮಾತ್ರ ಹಿಂದಿನ ಕಟ್ಟೆಗೆ ಹೋಗಿ ಕೂತರು. ಆಮೇಲೆ ವ್ಯವಸ್ಥಾಪಕರು ಸೋಮವಾರದ ಅದೇ ತಾಟನ್ನು ತೊಳೆದು, ತಾವೇ ಹಿಡಿದು ತಂದು, ಕಟ್ಟೆಯ ಮೇಲೆ ಚಾಚಾನ ಮುಂದೆ ಇಟ್ಟು ಕೈಮುಗಿದರು. "ಮನಸಿನ್ಯಾಗ ಇಟ್ಟಕೋಬ್ಯಾಡ್ರಿ. ಉಣ್ರಿ."

ಚಾಚಾ ತಾಟನ್ನು ಒಂದು ಗಳಿಗೆ ನೋಡಿದರು. ಆಮೇಲೆ ಅದನ್ನು ಕಟ್ಟೆಯ ಮೇಲೆ ನನ್ನ ಕಡೆ ಸರಿಸಿದರು.

"ಇಷ್ಟು ವರ್ಷ ನಾ ಮೊದ್ಲ ಉಂಡೇನ್ರಿ. ಇವತ್ತ ಬಾಯಾರು ಉಣ್ಣಲಿ."

ಎಲ್ಲರ ಕಣ್ಣೂ ನನ್ನ ಮೇಲೆ. ಅನ್ನದ ಮೇಲೆ ಸಾರು ಬಿತ್ತು. ಏಳು ಪಟ್ಟಿ ನೋಡಿ, ಲೆಕ್ಕ ಹಾಕಿ, ಸಹಿ ಮಾಡಿದವಳು ನಾನು. ಆದರೂ ತುತ್ತು ಕಲಸುವಾಗ ಆ ಕೆಂಪು ದೀಪ ಕಣ್ಣ ಮುಂದೆ ಬಂತು. ಬರೆದುಕೊಡುವುದು ಎಷ್ಟು ಸುಲಭವಿತ್ತು ಎಂದು ಆಗ ಗೊತ್ತಾಯಿತು. ಬಾಯಿಗಿಟ್ಟೆ, ನುಂಗಿದೆ. ಮತ್ತೊಂದು ತುತ್ತು. ಚಾಚಾ ನನ್ನ ಕೈಯನ್ನೇ ನೋಡುತ್ತಿದ್ದರು. ತಾಟು ಬರಿದು ಮಾಡಿದೆ.

"ಅಕ್ಕಾ, ಇನ್ನೊಂದೀಟ ಸಾರು ಹಾಕ್ರಿ" ಎಂದೆ.

ಅಕ್ಕ ಸೌಟು ಹಿಡಿದು ಬಂದರು. ಚಾಚಾ ಪಕ್ಕದ ರಾಶಿಯಿಂದ ಒಂದು ತಾಟು ಎತ್ತಿಕೊಂಡು, ವಸ್ತ್ರದಿಂದ ಒರೆಸಿ, ನನ್ನ ಎದುರಿಗೆ ಕೂತು, "ನನಗೂ ನೀಡವಾ, ಸೋಮವಾರದ್ದು ಬಾಕಿ ಐತಿ" ಎಂದರು.